ನೀರುಗಂಟಿ ತಾತ ಮತ್ತು ಕೆರೆಯ ಚರ್ಮ

ಆಗಲ್ಲ ಅಂತ ಹೇಳಿದವರು ನಮ್ಮ ದೊಡ್ಡಪ್ಪ. ಬೆನ್ನ ಹಿಂದೆ ಹೇಳಿದ್ದಲ್ಲ. ನಮ್ಮ ಮನೆ ಜಗಲಿಯ ಮೇಲೆ ಕೂತು, ಹುರಿದ ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡಿಯೇ ಹೇಳಿದರು.

“ಈ ಊರಲ್ಲಿ ಎರಡು ಕೆಲಸ ಆಗಲ್ಲ ಕಣಮ್ಮಾ. ನಮ್ಮನೇಲಿ ಒಬ್ರು ಡಿಗ್ರಿ ತಗೊಳ್ಳೋದು ಒಂದು. ನಮ್ಮ ಕೆರೇಲಿ ಯುಗಾದಿ ಗಂಟ ನೀರು ನಿಲ್ಲೋದು ಇನ್ನೊಂದು. ಸುಮ್ನೆ ಬಸ್ ಚಾರ್ಜು ದಂಡ.”

ಆ ವಾರ ನಾನು ಕೆಮಿಸ್ಟ್ರಿಯಲ್ಲಿ ಎರಡನೇ ಸಲ ಫೇಲಾಗಿದ್ದೆ. ಅಣ್ಣನ ಎದುರು ಮಾತಾಡುವ ಅಭ್ಯಾಸ ಅಪ್ಪನಿಗಿಲ್ಲ. ಅಮ್ಮ ಒಳಗೆ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೆಳಗಿಟ್ಟಳು. ಅಂಗಳದಲ್ಲಿ ನಿಂತಿದ್ದ ಒಬ್ಬರು ಮಾತ್ರ ನಕ್ಕರು.

“ಗೌಡ್ರೇ, ಕೆರೆ ವಿಷ್ಯ ನಂಗೆ ಬಿಡಿ. ಹುಡುಗಿ ವಿಷ್ಯ ಹುಡುಗಿಗೆ ಬಿಡಿ.”

ಅವರು ನಮ್ಮೂರ ನೀರುಗಂಟಿ. ಕೆರೆಯ ತೂಬು ಎತ್ತಿ ಕೆಳಗಿನ ಜಮೀನಿಗೆ ನೀರು ಬಿಡುವುದು, ಮತ್ತೆ ಇಳಿಸಿ ನಿಲ್ಲಿಸುವುದು, ಯಾರ ಹೊಲಕ್ಕೆ ಎಷ್ಟು ಹೊತ್ತು ಅಂತ ತೀರ್ಮಾನ ಮಾಡುವುದು ಅವರ ಕೆಲಸ. ಅವರಪ್ಪನೂ ಅದನ್ನೇ ಮಾಡಿದ್ದರು, ಅವರ ತಾತನೂ ಅದನ್ನೇ. ಈ ಸಂಕ್ರಾಂತಿ ಕಳೆದು ಮೂರನೇ ದಿನ ತೀರಿಕೊಂಡರು. ಹೆಸರು ಬರೆಯುತ್ತಿಲ್ಲ. ಬರೆಯಬೇಡ ಅಂತ ಅವರೇ ಹೇಳಿದ್ದರು. ಯಾವಾಗ, ಯಾಕೆ ಅನ್ನುವುದು ಮುಂದೆ ಬರುತ್ತದೆ.

ನಮ್ಮೂರು ತೂಬಗೆರೆ ಹೋಬಳಿಯಲ್ಲಿದೆ. ರಾಗಿ, ಹಿಪ್ಪುನೇರಳೆ, ಒಂದಿಷ್ಟು ಹೂವು. ಗುಡ್ಡದ ಕಡೆಯಿಂದ ಕೆರೆಗೆ ಒಂದು ಕಾಲುವೆ ಬರುತ್ತದೆ. ದಾರಿಯುದ್ದಕ್ಕೂ ನೀಲಗಿರಿ ತೋಪುಗಳು. ನೀರುಗಂಟಿ ತಾತ ಆ ತೋಪಿನ ಪಕ್ಕ ಹೋಗುವಾಗೆಲ್ಲ ಕೋಲಿನಿಂದ ಒಂದು ಮರಕ್ಕೆ ಬಾರಿಸಿಯೇ ಮುಂದೆ ಹೋಗುತ್ತಿದ್ದರು. “ಕುಡುಕ ನನ್ಮಕ್ಳು” ಅನ್ನುತ್ತಿದ್ದರು. ಬೇರೆ ಯಾರಿಗೂ ಅವರು ಬೈದದ್ದು ನಾನು ಕೇಳಿಲ್ಲ.

ಕುಳ್ಳಗೆ, ಒಣಕಲು ಮೈ. ಮಂಡಿಯ ಮೇಲಕ್ಕೆ ಕಟ್ಟಿದ ಪಂಚೆ, ತಲೆಗೆ ಸುತ್ತಿದ ಟವೆಲ್ಲು. ಚಪ್ಪಲಿ ಇತ್ತು, ಆದರೆ ಅದು ಕಾಲಲ್ಲಿರುವುದಕ್ಕಿಂತ ಕಂಕುಳಲ್ಲಿರುತ್ತಿದ್ದದ್ದೇ ಹೆಚ್ಚು. ಕೇಳಿದರೆ, “ಚಪ್ಪಲಿ ಹಾಕ್ಕೊಂಡ್ರೆ ನೆಲ ಏನೇಳ್ತೈತೆ ಅಂತ ಗೊತ್ತಾಗಲ್ಲ” ಅನ್ನುವರು. ಕೆರೆ ಏರಿಯ ಮೇಲೆ ನಡೆಯುತ್ತಾ ಒಂದು ಕಡೆ ತಟ್ಟನೆ ನಿಂತು, ಹೆಬ್ಬೆರಳು ಒತ್ತಿ, “ಇಲ್ಲಿ ಏಡಿ ಬಿಲ ತೋಡೈತೆ, ನಾಳೆ ಬಂದು ಮುಚ್ಬೇಕು” ಅಂತ ತಮಗೇ ಹೇಳಿಕೊಳ್ಳುವರು. ತೂಬಿನ ಕಲ್ಲುಕಂಬಕ್ಕೆ ಕಿವಿ ಹಚ್ಚಿ ನಿಲ್ಲುವುದು ಇನ್ನೊಂದು ಅಭ್ಯಾಸ. ಒಳಗೆ ನೀರು ಸೋರಿದರೆ ಸದ್ದಿನಲ್ಲೇ ತಿಳಿಯುತ್ತದಂತೆ. ಚಿಕ್ಕವಳಿದ್ದಾಗ ನಾನೂ ಕಿವಿ ಹಚ್ಚಿದ್ದೆ. ಕಲ್ಲು ತಣ್ಣಗಿತ್ತು, ಅಷ್ಟೇ.

ನಮ್ಮ ಮನೆಗೆ ಬಂದರೆ ಅಂಗಳದಲ್ಲೇ ನಿಲ್ಲುತ್ತಿದ್ದರು. ಜಗಲಿ ಹತ್ತಿದವರಲ್ಲ. ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡಪ್ಪ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದರು. ಚಿಕ್ಕವಳಾಗಿದ್ದಾಗ ನಾನೂ ‘ಏ ನೀರುಗಂಟಿ’ ಅಂತ ಕೂಗಿದ್ದೇನೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ‘ತಾತ’ ಅನ್ನುವುದು ನನ್ನ ಬಾಯಿಗೆ ಬಂದದ್ದು ಕಾಲೇಜಿಗೆ ಸೇರಿದ ಮೇಲೆ.

ಪರೀಕ್ಷೆ ಬಂತು ಅಂದರೆ ಅವರಿಗೆ ಅದು ಹೇಗೋ ಗೊತ್ತಾಗುತ್ತಿತ್ತು. ಕೆರೆಯಂಚಿನ ತೇವದಲ್ಲಿ ಬೆಳೆದ ಒಂದೆಲಗವನ್ನು ಕಿತ್ತು, ಬಾಳೆನಾರಿನಲ್ಲಿ ಕಟ್ಟಿ ತಂದು ಜಗಲಿಯ ಅಂಚಿನಲ್ಲಿಡುವರು. “ಚಟ್ನಿ ಮಾಡ್ಕೊಂಡು ತಿನ್ನವ್ವ. ತಲೆಗೆ ಒಳ್ಳೇದು.” ಎರಡನೇ ಸಲ ಫೇಲಾದಾಗ ಕಟ್ಟು ದೊಡ್ಡದಾಯಿತು. “ಇದು ತಿಂದ್ರೂ ಕೆಮಿಸ್ಟ್ರಿ ಹತ್ತಲಿಲ್ವಾ? ಹಂಗಾದ್ರೆ ಅದು ಸೊಪ್ಪಿನ ತಪ್ಪಲ್ಲ, ಕೆಮಿಸ್ಟ್ರಿದೇ ತಪ್ಪು” ಅಂದರು. ಫೇಲಾದವಳಿಗೆ ಊರಲ್ಲಿ ಅಷ್ಟು ದೊಡ್ಡ ಸಮಾಧಾನ ಬೇರೆ ಯಾರೂ ಹೇಳಿರಲಿಲ್ಲ.

ದೊಡ್ಡಪ್ಪನಿಗೂ ತಾತನಿಗೂ ಇದ್ದ ಹಳೆಯ ಮುನಿಸನ್ನು ಇಲ್ಲೇ ಹೇಳಿಬಿಡಬೇಕು. ತೂಬಿನ ಬುಡದಲ್ಲಿ ಮೀನು ಕೆತ್ತಿದ ಕಲ್ಲೊಂದಿದೆ. ನೀರು ಇಳಿದು ಆ ಮೀನು ಕಣ್ಣಿಗೆ ಬಿತ್ತೋ, ಅಲ್ಲಿಗೆ ತೂಬು ಬಂದ್. ಆಮೇಲೆ ಉಳಿದ ನೀರು ಹೊಲಕ್ಕಲ್ಲ. ದನ, ಕುರಿ, ಮೀನು, ಹಕ್ಕಿ ಇವುಗಳ ಪಾಲು. ಇದು ಯಾವ ಕಾಲದಲ್ಲಿ ಮಾಡಿದ ಕಟ್ಟಳೆಯೋ ತಿಳಿಯದು, ನೀರುಗಂಟಿಗಳು ನಡೆಸಿಕೊಂಡು ಬಂದದ್ದು. ಒಂದು ಬಿರು ಬೇಸಿಗೆಯಲ್ಲಿ ದೊಡ್ಡಪ್ಪನ ಹಿಪ್ಪುನೇರಳೆ ತೋಟ ಬಾಡಿತು. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ನಮ್ಮ ಕಡೆಯ ಮಾತಲ್ಲಿ ನಾಲ್ಕನೇ ಜ್ವರ ಎದ್ದು, ಸೊಪ್ಪಿಗೆ ಬಾಯಿ ಬಿಡುತ್ತಿದ್ದವು. ದೊಡ್ಡಪ್ಪ ಏರಿಗೆ ಹೋಗಿ ನಿಂತರು.

“ಒಂದರ್ಧ ಗಂಟೆ ಎತ್ತೋ.”

“ಮೀನು ಕಂಡೈತೆ ಗೌಡ್ರೇ.”

“ಕಂಡ್ರೆ ಕಾಣ್ಲಿ. ಕಣ್ಣು ಮುಚ್ಕೊಂಡು ಎತ್ತು.”

“ನಿಮಗಾದ್ರೆ ಬೋರ್‌ವೆಲ್ ಐತೆ. ಮೀನಿಗೆ ಬೋರು ಯಾರು ಕೊರಿಸ್ತಾರೆ ಸ್ವಾಮಿ?”

ಏರಿಯ ಮೇಲಿದ್ದ ನಾಲ್ಕು ಜನ ನಕ್ಕುಬಿಟ್ಟರು. ನೀರು ಸಿಗದ್ದನ್ನು ದೊಡ್ಡಪ್ಪ ಮರೆತರೇನೋ, ಆ ನಗುವನ್ನು ಮರೆಯಲಿಲ್ಲ.

ಕೊನೆಯ ವರ್ಷದಲ್ಲಿ ನನಗೆ ಪ್ರಾಜೆಕ್ಟ್ ಮಾಡಬೇಕಿತ್ತು. ಪ್ರಾಣಿಶಾಸ್ತ್ರದ ನಮ್ಮ ಮೇಡಂ, “ನಿಮ್ಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ದಾಖಲೆ ಪುಸ್ತಕ ಖಾಲಿ ಬಿದ್ದಿರುತ್ತೆ, ನಿಮ್ಮ ಕೆರೆಯ ಭಾಗ ನೀನು ಬರಿ. ಪಂಚಾಯ್ತಿಗೂ ಆಯ್ತು, ನಿನಗೂ ಆಯ್ತು” ಅಂದರು. ಊರಿನ ಗಿಡ, ಮರ, ಪ್ರಾಣಿ, ಮಣ್ಣು, ನೀರು ಎಲ್ಲವನ್ನೂ ಊರಿನವರ ಬಾಯಿಂದ ಕೇಳಿ ಬರೆಯಬೇಕಾದ ಪುಸ್ತಕ ಅದು. ಅಚ್ಚು ಹಾಕಿದ ನಮೂನೆ ಇತ್ತು. ಕಾಲಂಗಳಿದ್ದವು. ನಾನು ಕ್ಲಿಪ್ ಹಾಕಿದ ರಟ್ಟು ಹಿಡಿದುಕೊಂಡು, ದೊಡ್ಡ ಆಫೀಸರ್ ತರಹ, ಏರಿಯ ಮೇಲೆ ಹೊಂಗೆ ನೆರಳಲ್ಲಿ ಕೂತಿದ್ದ ತಾತನ ಮುಂದೆ ಕೂತೆ.

“ತಾತ, ಕೆರೆಯಲ್ಲಿ ಸಿಗೋ ಸೊಪ್ಪುಗಳ ಹೆಸರು ಹೇಳಿ. ಒಂದೊಂದಾಗಿ.”

“ಹಂಗೆಲ್ಲ ಬರಲ್ಲ.”

“ಹಂಗಂದ್ರೆ?”

“ಕೂತ್ಕಂಡು ಹೇಳೋಕೆ ನಾನೇನು ಶಾಸ್ತ್ರ ಹೇಳೋನಾ? ಕೆರೆನ ಪುಸ್ತಕದಾಗೆ ಬರೆಯೋಕಾಗಲ್ಲ ಕಣವ್ವ. ಎದ್ದೇಳು, ನಡಿ.”

ನಡೆದೆವು. ಆ ಮಳೆಗಾಲದಿಂದ ಬೇಸಿಗೆಯವರೆಗೆ ಎಷ್ಟು ಸುತ್ತು ನಡೆದೆವೋ ಲೆಕ್ಕವಿಟ್ಟಿಲ್ಲ. ಅವರಿಗೆ ನೆನಪು ತಲೆಯಲ್ಲಿರಲಿಲ್ಲ, ಜಾಗಗಳಲ್ಲಿತ್ತು. ಕೆರೆ ತುಂಬಿ ಹೊರಗೆ ಹರಿಯುವ ಕೋಡಿಯ ಹತ್ತಿರ ಹೋದರೆ ಹೊನಗೊನೆ ಸೊಪ್ಪು ನೆನಪಾಗುತ್ತಿತ್ತು. ಜೊಂಡಿನ ಹತ್ತಿರ ಹೋದರೆ ನೀರುಕೋಳಿ ಮೊಟ್ಟೆ ಇಡುವ ತಿಂಗಳು ನೆನಪಾಗುತ್ತಿತ್ತು. ಆಮೆ ಮಣ್ಣೊಳಗೆ ಹೂತುಕೊಳ್ಳುವ ಮೂಲೆ, ಮೊಲ ನೀರಿಗೆ ಬರುವ ಸಂದು, ಗುಡ್ಡದ ಕಡೆಯಿಂದ ನವಿಲು ಇಳಿಯುವ ದಾರಿ. ನಾನು ಕಾಲಂ ತುಂಬಿಸುತ್ತಾ ಹೋದೆ. ‘ಮಾಹಿತಿ ಕೊಟ್ಟವರ ಹೆಸರು’ ಅನ್ನುವ ಕಡೆ ಅವರ ಹೆಸರು ಬರೆಯಲು ಹೋದಾಗ ರಟ್ಟಿನ ಮೇಲೆ ಕೈ ಅಡ್ಡ ಇಟ್ಟರು.

“ನನ್ನೆಸ್ರು ಬ್ಯಾಡ. ನೀರುಗಂಟಿ ಅಂತ ಹಾಕು. ನನ್ನ ಹಿಂದೆ ಯಾರು ಬತ್ತಾರೋ ಅವರಿಗೂ ಆಯ್ತದೆ.”

ಆಮೇಲೆ ಸ್ವಲ್ಪ ಯೋಚಿಸಿ, “ಇಲ್ಲಾಂದ್ರೆ ಪ್ಯಾಟೆಯೋರು ಕಾರಲ್ಲಿ ಬಂದು, ಆಮೆ ತೋರ್ಸು ನವಿಲು ತೋರ್ಸು ಅಂತ ನನ್ನ ಜೀವ ತಿಂತಾರೆ” ಅಂತಲೂ ಸೇರಿಸಿದರು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳಿನ ಆಳ ಅಳೆದೆವು. ನನ್ನ ಹತ್ತಿರ ಗುರುತು ಹಾಕಿದ ಕಬ್ಬಿಣದ ಸರಳಿತ್ತು. ತಳದ ಗಟ್ಟಿ ನೆಲ ತಾಗುವವರೆಗೆ ಒತ್ತಿ, ಎಷ್ಟು ಅಡಿ ಅಂತ ಬರೆಯಬೇಕು. ಆರು ಅಡಿ ಬಂತು. ತಾತ ಒಂದು ಕಡೆ ಗುಂಡಿ ತೋಡಿ ತೋರಿಸಿದರು. ಮೇಲೆ ನಾಲ್ಕು ಅಡಿ ಕಪ್ಪು ಗೋಡು, ಅಂದರೆ ಹೂಳು ಮಣ್ಣು. ಅದರ ಕೆಳಗೆ ಎರಡು ಅಡಿ ಬಿಳಿ ಬೂದಿ ಬಣ್ಣದ ಅಂಟು ಜೇಡಿ. ಅದನ್ನು ನನ್ನ ಅಂಗೈಗೆ ಹಾಕಿ, “ಅದುಮು” ಅಂದರು. ಅದುಮಿದರೆ ಬೆರಳಿನ ಗೆರೆಯೆಲ್ಲ ಮೂಡಿತು.

“ಮೇಲಿಂದು ಕೊಳೆ. ತೊಳ್ಕೋಬೋದು. ಇದು ಕೆರೆ ಚರ್ಮ. ಇದನ್ನ ಸುಲೀಬಾರ್ದು.”

ಚೆನ್ನಾಗಿದೆ ಮಾತು ಅನ್ನಿಸಿತು. ಆದರೆ ನಮೂನೆಯಲ್ಲಿ ಚರ್ಮಕ್ಕೆ ಕಾಲಂ ಇರಲಿಲ್ಲ. ‘ಹೂಳಿನ ಆಳ’ ಅಂತ ಮಾತ್ರ ಇತ್ತು. ಸರಳು ಆರು ಅಡಿ ಹೋಗಿತ್ತು. ನಾನು ಆರು ಅಡಿ ಅಂತ ಬರೆದೆ. ಹಳೇ ಕಾಲದವರ ಮಾತು ಅಂತ ಮನಸ್ಸಿನಲ್ಲೇ ಒಂದು ಕಡೆ ಎತ್ತಿಟ್ಟುಬಿಟ್ಟೆ. ಎರಡು ಸಲ ಫೇಲಾದವಳಿಗೂ ಓದಿದವಳು ಅನ್ನುವ ಜಂಬ ಇರುತ್ತದೆ.

ಆ ಕರಡು ಪ್ರತಿ ಪಂಚಾಯ್ತಿ ಕಚೇರಿಯಲ್ಲಿತ್ತು. ಆಗಲೇ ಯಾವುದೋ ಕಂಪನಿಯವರು ಕೆರೆಯ ಹೂಳು ತೆಗೆಸಿಕೊಡುತ್ತೇವೆ ಅಂತ ಬಂದರು. ಆಳ ಎಷ್ಟು ಅಂತ ಕೇಳಿದರು. ಕಚೇರಿಯವರು ಅದರಲ್ಲಿ ನಾನು ಬರೆದಿದ್ದ ಕೆರೆ ನಕ್ಷೆಯ ಜೆರಾಕ್ಸ್ ಕೊಟ್ಟರು. ನಾನು ದೊಡ್ಡಬಳ್ಳಾಪುರದಲ್ಲಿ ಸ್ನೇಹಿತೆಯ ಮನೆಯಲ್ಲಿದ್ದುಕೊಂಡು ಮೂರನೇ ಸಲ ಕೆಮಿಸ್ಟ್ರಿ ಬರೆಯುತ್ತಿದ್ದೆ. ಅವರ ಮನೆಯ ಮಗ್ಗಗಳ ಸದ್ದಿನಲ್ಲಿ ಬೇರೆ ಯಾವ ಯೋಚನೆಗೂ ಜಾಗವಿರಲಿಲ್ಲ. ಊರಿಗೆ ಬರುವಷ್ಟರಲ್ಲಿ ಜೆಸಿಬಿಗಳು ಕೆಲಸ ಮುಗಿಸಿ ಹೋಗಿದ್ದವು. ಕೆರೆ ಹೊಸ ಬಾಣಲೆಯ ಹಾಗೆ ನುಣ್ಣಗೆ ಕಾಣುತ್ತಿತ್ತು. ಊರವರೆಲ್ಲ ಟ್ರ್ಯಾಕ್ಟರ್‌ಗಟ್ಟಲೆ ಗೋಡು ಹೊಡೆದುಕೊಂಡು ಖುಷಿಯಾಗಿದ್ದರು. ಕೆರೆ ಗೋಡು ಅಂದರೆ ಹೊಲಕ್ಕೆ ಬಂಗಾರ ಅಂತ ನಂಬಿದವರು ನಾವು. ಕಪ್ಪು ಗೋಡಿನ ಜೊತೆ ಬಿಳಿ ಜೇಡಿಯನ್ನೂ ಬಿಡದೆ ತುಂಬಿಕೊಂಡಿದ್ದರು.

ಆ ವರ್ಷ ಮಳೆ ಚೆನ್ನಾಗಿ ಬಂತು. ಕೆರೆ ತುಂಬಿತು. ದೊಡ್ಡಪ್ಪ ಪಂಚೆ ಎತ್ತಿಕಟ್ಟಿ ನೀರಿಗಿಳಿದು ಬಾಗಿನ ಬಿಟ್ಟರು, ಫೋಟೋ ತೆಗೆಸಿಕೊಂಡರು. ದೀಪಾವಳಿಗೆ ಸರಿಯಾಗಿ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಪಕ್ಕದ ಊರಿನ ಕೆರೆಯಲ್ಲಿ ನೀರು ಹೊಳೆಯುತ್ತಿತ್ತು. ನಮ್ಮದರಲ್ಲಿ ಧೂಳು.

ಪಂಚಾಯ್ತಿ ಸಭೆ ಸೇರಿತು. ದೊಡ್ಡಪ್ಪ ಸದಸ್ಯರು. ಕೂತ ಜಾಗದಿಂದಲೇ ಗುಡುಗಿದರು.

“ಇವನು ತೂಬು ಸರಿಯಾಗಿ ಇಳಿಸಿಲ್ಲ. ಇನ್ನೇನು? ನೀರೇನು ಆಕಾಶಕ್ಕೆ ವಾಪಸ್ ಹೋಯ್ತಾ? ವಯಸ್ಸಾಯ್ತು, ಕೈಲಾಗಲ್ಲ ಅಂದ್ರೆ ಕೈಲಾಗಲ್ಲ ಅನ್ಬೇಕು.”

ತೂಬಿಗೆ ಈಗ ಕಬ್ಬಿಣದ ಚಕ್ರವಿದೆ, ಸರಪಳಿ ಇದೆ, ಬೀಗವಿದೆ. ಬೀಗದ ಕೈ ತಾತನ ಉಡಿದಾರದಲ್ಲಿರುತ್ತಿತ್ತು. ಅದನ್ನು ಬಿಚ್ಚಿ ಕೊಡು ಅಂದರು. ಅಷ್ಟು ಜನರ ಮುಂದೆ ಪಂಚೆಯ ಅಂಚು ಸರಿಸಿ, ದಾರದ ಗಂಟು ಬಿಡಿಸಲು ಹೋದರು. ಗಂಟು ಬಿಗಿದಿತ್ತು. ಎಷ್ಟು ವರ್ಷದ ಗಂಟೋ. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಡಿಸಬೇಕಾಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ದೊಡ್ಡಪ್ಪ ಬೀಗದ ಕೈಯನ್ನು ತಗೊಂಡು ಹೋಗಿ ತಮ್ಮ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ನೀರು ಬಿಡುವುದಿದ್ದರೆ ಬಂದು ಕೇಳಿ ತಗೊಂಡು ಹೋಗಬೇಕು, ಸಂಜೆಗೆ ವಾಪಸ್ ತಂದುಕೊಡಬೇಕು ಅಂತ ತೀರ್ಮಾನವಾಯಿತು.

ಸಭೆ ಮುಗಿದ ಮೇಲೆ ತಾತ ನನ್ನನ್ನು ಕೆರೆಯೊಳಗೆ ಕರೆದುಕೊಂಡು ಹೋದರು. ಕುಕ್ಕರಗಾಲಲ್ಲಿ ಕೂತು, ಕೈಯಿಂದ ನೆಲ ಕೆರೆದರು. ಬರೀ ಮರಳುಮಣ್ಣು.

“ಎಷ್ಟಡಿ ಅಂತ ಬರ್ದಿದ್ದೆ ಅವ್ವ?”

“ಆರು.”

ಹಾಗಂದ ಮೇಲೆ ನನಗೇ ಹೊಳೆಯಿತು, ನೀರು ಇಂಗದಂತೆ ತಡೆಯುತ್ತಿದ್ದ ಎರಡು ಅಡಿ ಜೇಡಿಯೂ ಹೂಳಿನ ಜೊತೆ ಹೋಗಿತ್ತು.

“ನಾನು ಹೇಳ್ತೀನಿ ತಾತ. ಈಗ್ಲೇ ಹೋಗಿ ಹೇಳ್ತೀನಿ.”

“ಬಾಯಿ ಮುಚ್ಕೊಂಡಿರು. ಮೊದ್ಲು ಪಾಸಾಗು. ಬೈಸ್ಕೊಳ್ಳೋದು ನಂಗೆ ಅಭ್ಯಾಸ ಐತೆ. ನಿಂಗಿಲ್ಲ.”

ನಾನು ಬಾಯಿ ಮುಚ್ಚಿಕೊಂಡಿದ್ದೆ. ಇದನ್ನು ಬರೆಯದೆ ಬಿಟ್ಟರೆ ತಾತನ ಬಗ್ಗೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಎರಡು ತಿಂಗಳು ಸುಮ್ಮನಿದ್ದೆ. ಕೆಮಿಸ್ಟ್ರಿ ಪಾಸಾಗಿತ್ತು. ಮನೆಯಲ್ಲಿ ಅಮ್ಮ ಪಾಯಸ ಮಾಡಿದ್ದಳು. ಇನ್ನು ಪ್ರಾಜೆಕ್ಟ್ ಒಂದೇ ಬಾಕಿ. ಅದರಲ್ಲಿ ಆ ಆರು ಅಡಿ ಇತ್ತು, ಚೆಂದದ ನಕ್ಷೆಯ ಸಮೇತ. ಅದೇ ಎರಡು ತಿಂಗಳಲ್ಲಿ ತಾತ ದೊಡ್ಡಪ್ಪನ ಅಂಗಳಕ್ಕೆ ಬಂದು, ಕೈ ಕಟ್ಟಿ ನಿಂತು ಬೀಗದ ಕೈ ಕೇಳುವುದನ್ನು ನಾನು ಎರಡು ಸಲ ನೋಡಿದೆ. ಕೆರೆಯಲ್ಲಿ ನೀರಿರಲಿಲ್ಲ. ಆದರೂ ಚಕ್ರಕ್ಕೆ ಎಣ್ಣೆ ಬಿಡದಿದ್ದರೆ ತುಕ್ಕು ಹಿಡಿಯುತ್ತದಲ್ಲ.

ಎರಡನೇ ಸಲ ನೋಡಿದ ಮರುದಿನ ಮೇಡಂ ಹತ್ತಿರ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಪುಟ್ಟಾ, ಇದನ್ನ ಬರೆದರೆ ಮತ್ತೆ ಅಳತೆ ಮಾಡು, ಮತ್ತೆ ಬರಿ ಅಂತಾರೆ. ಒಂದು ವರ್ಷ ಹೋಗುತ್ತೆ. ಬರೀದಿದ್ದರೆ ಯಾರಿಗೂ ಗೊತ್ತಾಗಲ್ಲ. ಯೋಚನೆ ಮಾಡು.”

“ಒಬ್ಬರಿಗೆ ಗೊತ್ತಿದೆ ಮೇಡಂ,” ಅಂದೆ.

ಬರೆದುಕೊಟ್ಟೆ, ಪದವಿ ಒಂದು ವರ್ಷ ಮುಂದಕ್ಕೆ ಹೋಯಿತು. ಮೇಡಂ ಹೇಳಿದ ಹಾಗೇ ಆಯಿತು.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತೆ. ಹೆಣ್ಣುಮಕ್ಕಳು ನಮ್ಮಲ್ಲಿ ಎದ್ದು ನಿಲ್ಲುವುದು ರೇಷನ್ ಕಾರ್ಡಿನ ವಿಷಯಕ್ಕೆ ಮಾತ್ರ. “ತೂಬು ಸರಿಯಾಗೇ ಇತ್ತು. ನಾಲ್ಕು ಅಡಿ ಅಂತ ಬರೆಯೋ ಕಡೆ ನಾನು ಆರು ಬರೆದೆ. ಕೆರೆ ತಳದ ಜೇಡಿ ಹೋಯ್ತು. ತಾತ ಮೊದಲೇ ಹೇಳಿದ್ದರು. ತಪ್ಪು ನಂದು” ಅಂದೆ. ದೊಡ್ಡಪ್ಪ ನನ್ನನ್ನು ನೋಡಲಿಲ್ಲ, ಎದುರು ಗೋಡೆಯ ಗಡಿಯಾರ ನೋಡಿದರು. “ಮನೆ ಮಾತು ಮನೇಲಿ ಆಡ್ಬೇಕು” ಅಂದರು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಬೀಗದ ಕೈ ಮೊಳೆಯಲ್ಲೇ ಉಳಿಯಿತು. ತೀರ್ಮಾನ ಅಂದರೆ ತೀರ್ಮಾನ.

ತಾತನಿಗೂ ಸಿಟ್ಟು ಬಂತು, ಬೇರೆ ಕಾರಣಕ್ಕೆ. “ಒಂದು ವರ್ಷ ಕಳ್ಕೊಂಡಲ್ಲ ಮಂಕೇ” ಅಂತ ಒಂದು ವಾರ ಮುಖ ತಿರುಗಿಸಿಕೊಂಡು ಓಡಾಡಿದರು. ಎಂಟನೇ ದಿನ ಬೆಳಿಗ್ಗೆ ಅಂಗಳದಲ್ಲಿ ನಿಂತು ಕೂಗಿದರು. “ತಪ್ಪು ಒಪ್ಕೊಂಡ್ರೆ ಕೆರೆ ತುಂಬ್ತದಾ? ಮಣ್ಣು ಹೊರೋ ಮಂಕ್ರಿ ತಗೊಂಡು ಬಾ!”

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಇವತ್ತೂ ನಗು ಬರುತ್ತದೆ. ತಾತ ಮನೆಮನೆಗೆ ಹೋಗಿ, ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಇನ್ನೂ ಗುಡ್ಡೆ ಹಾಕಿಟ್ಟಿದ್ದ ಬಿಳಿ ಜೇಡಿಯನ್ನು ವಾಪಸ್ ಕೇಳಿದರು. “ಅದು ಗೊಬ್ಬರ ಅಲ್ಲ, ಅದು ಹಾಕಿದ್ರೆ ರಾಗಿ ಬೇರು ಉಸಿರು ಕಟ್ಕೊಂಡು ಸಾಯ್ತದೆ” ಅಂತ ಹೆದರಿಸಿದರು. ಅರ್ಧ ನಿಜ, ಅರ್ಧ ನಾಟಕ. ಹಿಂದೆ ನಾನು ಪುಸ್ತಕ ಹಿಡಿದು ಹೌದು ಹೌದು ಅನ್ನುತ್ತಿದ್ದೆ. ನಮ್ಮಪ್ಪ, ಅಣ್ಣನನ್ನು ಕೇಳದೆ ಜೀವಮಾನದಲ್ಲಿ ಒಂದು ಕೆಲಸ ಮಾಡಿದ್ದರೆ ಅದು ಅವತ್ತು. ಟ್ರ್ಯಾಕ್ಟರ್ ಹೊರಗೆ ತೆಗೆದರು. ಮುಂಗಾರಿಗೆ ಮೊದಲಿನ ಎರಡು ಮಳೆ ಬಿದ್ದು ನೆಲ ಹದವಾದಾಗ ಜೇಡಿಯನ್ನು ತಳಕ್ಕೆ ಹರಡಿದೆವು. ಅದನ್ನು ತುಳಿಸಬೇಕು. ಹಿಂದೆಲ್ಲ ಊರ ದನ ಹೊಡೆದು ತುಳಿಸುತ್ತಿದ್ದರಂತೆ. ಈಗ ಮನೆಗಳಲ್ಲಿರುವುದು ಡೈರಿಗೆ ಹಾಲು ಕರೆಯುವ ಸೀಮೆ ಹಸುಗಳು.

“ಅವು ಫ್ಯಾನ್ ಕೆಳಗೆ ಮಲಗೋ ಹಸುಗಳು. ಕೆಸರು ಕಂಡ್ರೆ ಸೀನ್ತಾವೆ,” ಅಂತ ತಾತ ಗುಡ್ಡದ ಕಡೆಯಿಂದ ಒಬ್ಬ ಕುರಿಯವನನ್ನು ಕರೆತಂದರು. ಮುನ್ನೂರು ಕುರಿ. “ಕುರಿ ಕಾಲು ಸಣ್ಣದು, ಚೂಪು. ಒಂದೊಂದು ಹೆಜ್ಜೆನೂ ಗೂಟ ಹೊಡ್ದಂಗೆ.” ಒಂಬತ್ತು ದಿನ ಮುನ್ನೂರು ಕುರಿಗಳು ಕೆರೆಯೊಳಗೆ ಸುತ್ತಿದವು. ನಾನು ಹಿಂದಿನಿಂದ ಓಡಿಸುತ್ತಿದ್ದೆ, ತಾತ ನಡುವೆ ನಿಂತು ಕೋಲಾಡಿಸುತ್ತಿದ್ದರು.

ಕುರಿಯವನು ಕೇಳಿದ: “ಏನ್ ತಾತ, ಇಷ್ಟು ಕೆಲ್ಸ ಮಾಡ್ತಾವಲ್ಲ, ನನ್ನ ಕುರಿಗೂ ಒಂದು ಡಿಗ್ರಿ ಕೊಡಿಸ್ತೀಯಾ?”

“ಸಾಲಿನಾಗೆ ಬಾರಪ್ಪ. ಮೊದ್ಲು ಈ ಹುಡುಗಿಗೆ ಸಿಗ್ಲಿ, ಆಮೇಲೆ ನಿನ್ನ ಕುರಿಗೆ.”

ಹತ್ತನೇ ದಿನ ತಾತ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ಇಡೀ ತಳವನ್ನು ನಡೆದು ನೋಡಿದರು. ನಾನೂ ಚಪ್ಪಲಿ ಬಿಟ್ಟು ಹಿಂದೆ ನಡೆದೆ. ಒಂದು ಕಡೆ ನನ್ನ ಅಂಗಾಲಿಗೆ ಪುಸುಕ್ ಅಂದಿತು. “ತಾತ, ಇಲ್ಲಿ ಇನ್ನೂ ಕೂತಿಲ್ಲ,” ಅಂದೆ. ಅವರು ತಿರುಗಿ ಬಂದು, ಹೆಬ್ಬೆರಳು ಒತ್ತಿ ನೋಡಿ, ನನ್ನ ಮುಖ ನೋಡಿದರು. “ಈಗ ಬರಿ ನಿನ್ನ ಪುಸ್ತಕ,” ಅಂದರು.

ಬರೆದೆ. ಹೊಸ ಪ್ರತಿಯಲ್ಲಿ ಹಳೆಯ ತಪ್ಪಿಗೂ ಒಂದು ಪುಟ ಕೊಟ್ಟೆ. ‘ಕೆರೆಯ ಚರ್ಮ’ ಅಂತ ಕೈಯಲ್ಲೇ ಗೆರೆ ಎಳೆದು ಹೊಸ ಕಾಲಂ ಮಾಡಿದೆ. ಆ ಪ್ರತಿ ಈಗ ಪಂಚಾಯ್ತಿಯ ಬೀರುವಿನಲ್ಲಿದೆ. ಮುಂದೆ ಹೂಳು ತೆಗೆಯಲು ಯಾರು ಬಂದರೂ ಮೊದಲು ಆ ಪುಟ ಓದಬೇಕು ಅಂತ ಸಭೆಯಲ್ಲಿ ಬರೆಸಿದ್ದೇನೆ.

ಆ ಮಳೆಗಾಲ ಬಂದ ನೀರು ಯುಗಾದಿಗೂ ಇತ್ತು. ಮೀನುಕಲ್ಲಿನ ಮೇಲೆ ಒಂದು ಮೊಳ. ಹಬ್ಬದ ದಿನ ತಾತ ನಮ್ಮ ಅಂಗಳದಲ್ಲಿ ನಿಂತು ಒಬ್ಬಟ್ಟು ತಿನ್ನುತ್ತಿದ್ದರು. ದೊಡ್ಡಪ್ಪ ಜಗಲಿಯ ಮೇಲಿದ್ದರು. ತಾತ ಕೆರೆಯ ಮಾತೆತ್ತಲೇ ಇಲ್ಲ. “ಈ ಸಲ ಒಬ್ಬಟ್ಟಿಗೆ ಬೆಲ್ಲ ಮುಂದಾಗೈತೆ ಗೌಡ್ರೇ” ಅಂದರು, ಅಷ್ಟೇ. ಬಾಯಿತುಂಬ ನಗು ಮಾತ್ರ ಬೇರೆ ಏನನ್ನೋ ಹೇಳುತ್ತಿತ್ತು. ದೊಡ್ಡಪ್ಪ ಎದ್ದು ಒಳಗೆ ಹೋದರು.

ಆ ವರ್ಷವೇ ನಾನು ಪಾಸಾದೆ. ತಾತನಿಗೆ ಏರಿಯ ಮೇಲೆ ಹೇಳಿದೆ. ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡು, “ಕಾಗದ ಕೊಡ್ತಾರಾ?” ಅಂದರು. “ಕೊಡ್ತಾರೆ. ತಡ ಆಗುತ್ತೆ.” “ಬಂದಾಗ ತೋರ್ಸು. ಓದಕ್ಕೆ ಬರಲ್ಲ, ಮುಟ್ಟಿ ನೋಡ್ತೀನಿ.”

ಕಾಗದ ಬರುವಷ್ಟರಲ್ಲಿ ಅವರಿರಲಿಲ್ಲ. ಒಂದು ಜ್ವರ, ಎರಡು ದಿನ ಆಸ್ಪತ್ರೆ, ಅಷ್ಟೇ. ಮಣ್ಣಿಗೆ ಊರಿನ ಅರ್ಧ ಜನ ಬಂದಿದ್ದರು. ದೊಡ್ಡಪ್ಪ ಏರಿಯವರೆಗೆ ಬಂದು, ಅಲ್ಲೇ ನಿಂತು ನೋಡಿ, ವಾಪಸ್ ಹೋದರು.

ಹನ್ನೊಂದನೇ ದಿನ ಅವರ ಮನೆಗೆ ಹೋಗಿದ್ದೆ. ಅಜ್ಜಿ, ಅಂದರೆ ಅವರ ಹೆಂಡತಿ, ಒಂದು ಮಾತು ಹೇಳಿದರು. ಜೆಸಿಬಿ ಬಂದಾಗ ತಾತ ಅದರ ಮುಂದೆ ಕೂತುಬಿಟ್ಟಿದ್ದರಂತೆ. ಬಿಳಿ ಮಣ್ಣು ಮುಟ್ಟಬೇಡಿ ಅಂತ ಹಟ ಹಿಡಿದಿದ್ದರಂತೆ. ಮೇಸ್ತ್ರಿ ಜೆರಾಕ್ಸ್ ತೋರಿಸಿ, “ನೋಡಜ್ಜ, ನಿಮ್ಮೂರ ಹುಡುಗೀನೇ ಅಳೆದಿರೋದು, ಆರಡಿ” ಅಂದನಂತೆ. ತಾತ ಆ ಹಾಳೆಯನ್ನು ಇಸಕೊಂಡು ಸುಮಾರು ಹೊತ್ತು ನೋಡಿದರಂತೆ. ಆಮೇಲೆ ಎದ್ದು ದಾರಿ ಬಿಟ್ಟರಂತೆ.

“ಮನೆಗೆ ಬಂದು ಏನಂದ್ರು ಗೊತ್ತಾ?” ಅಂದರು ಅಜ್ಜಿ. “ಓದಿರೋ ಹುಡುಗಿ ಅಳ್ದವ್ಳೆ ಕಣೇ. ನನ್ನ ಕಾಲೇ ಸುಳ್ಳು ಹೇಳಿರ್ಬೇಕು ಅಂದ್ರು.”

ನಾನು ಅವತ್ತು ಏನು ತಿಂದೆ, ಹೇಗೆ ಮನೆಗೆ ಬಂದೆ, ನೆನಪಿಲ್ಲ.

ಹೋದ ತಿಂಗಳು ಪದವಿ ಪತ್ರ ಬಂತು. ಕಾಲೇಜಿನ ಕಿಟಕಿಯಲ್ಲಿ ಸಹಿ ಹಾಕಿ ತಗೊಂಡೆ. ಬಸ್ಸಿನಲ್ಲಿ ಮಡಿಚದೆ, ಎದೆಗೊತ್ತಿಕೊಂಡು ತಂದೆ. ಅಮ್ಮ ಸೀರೆಗೆ ಕೈ ಒರೆಸಿಕೊಂಡು ಅಂಚು ಮುಟ್ಟಿದಳು. ಅಪ್ಪ ದೇವರ ಮುಂದೆ ಇಟ್ಟು ತೆಗೆದರು. ಅಲ್ಲಿಂದ ಎತ್ತಿಕೊಂಡು, ಪಕ್ಕದ ಮನೆಗೆ ಹೋಗಿ, ದೊಡ್ಡಪ್ಪನ ಕೈಗೆ ಕೊಟ್ಟೆ. ಅಜ್ಜಿ ಹೇಳಿದ ಮಾತನ್ನೂ ಹೇಳಿದೆ, ಒಂದಕ್ಷರ ಬಿಡದೆ.

ಅವರು ಕನ್ನಡಕ ಹಾಕಿಕೊಂಡು ಪತ್ರವನ್ನು ಮೇಲಿಂದ ಕೆಳಗೆ ಓದಿದರು. ನನ್ನ ಹೆಸರಿನ ಮೇಲೆ ಬೆರಳಿಟ್ಟು, ಅವರಪ್ಪನ ಹೆಸರಿನಿಂದ ಬಂದ ನನ್ನ ಇನಿಷಿಯಲ್ ಹತ್ತಿರ ನಿಲ್ಲಿಸಿದರು. ಪತ್ರ ವಾಪಸ್ ಕೊಟ್ಟರು. ಎದ್ದು ಹೋಗಿ ಮೊಳೆಯಿಂದ ಬೀಗದ ಕೈ ತೆಗೆದುಕೊಂಡರು. ಉಡಿದಾರದ ಹಳೇ ತುಂಡೊಂದು ಇನ್ನೂ ಅದರಲ್ಲಿ ಸಿಕ್ಕಿಕೊಂಡಿತ್ತು. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದರು. ಎರಡು ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು:

“ಮುಂದೆ ನಡಿಯಮ್ಮ. ಅವರ ಮನೆ ಯಾವುದು ಅಂತ ತೋರ್ಸು. ಹುಟ್ಟಿದಾಗಿನಿಂದ ಈ ಊರಲ್ಲಿದ್ದೀನಿ, ನಂಗೆ ಗೊತ್ತಿಲ್ಲ.”